ಅಡಿಕೆ ಮನೆಗೊಂದು ಪ್ಲಾನರ್: ಯಾವ ಮಾದರಿ ಆರಿಸಬೇಕು, ಕಾರಣಗಳನ್ನು ಎಲ್ಲಿ ಬರೆದಿಡಬೇಕು

ಕೃತಕ ಬುದ್ಧಿಮತ್ತೆ ಎಂದ ಕೂಡಲೇ ನಮ್ಮ ಕಡೆಯ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಕಾಯಿಯ ಫೋಟೊ ತೆಗೆದು ಕೊಳೆರೋಗ ಗುರುತಿಸುವ ಪ್ರಾಜೆಕ್ಟಿಗೆ ಕೈ ಹಾಕುತ್ತಾರೆ. ಬೇಡವೆನ್ನುವುದಿಲ್ಲ. ಆದರೆ ಕೊಯ್ಲಿನ ದಿನಗಳಲ್ಲಿ ತೀರ್ಥಹಳ್ಳಿಯಲ್ಲೋ ಸಾಗರದಲ್ಲೋ ಒಂದು ಅಡಿಕೆ ಮನೆಯ ಅಂಗಳದಲ್ಲಿ ಅರ್ಧ ದಿನ ನಿಂತು ನೋಡಿ. ಯಜಮಾನರ ತಲೆ ತಿನ್ನುತ್ತಿರುವ ಪ್ರಶ್ನೆಗಳೇ ಬೇರೆ. ನಾಳೆ ಯಾವ ತೋಟದ ಕೊನೆ (ಅಡಿಕೆ ಗೊನೆ) ಇಳಿಸಬೇಕು, ಸುಲಿಯುವ ಯಂತ್ರ ಯಾರ ಪಾಲಿಗೆ, ಹಂಡೆ ಯಾವಾಗ ಖಾಲಿಯಾಗುತ್ತದೆ, ಮೋಡ ಕವಿದರೆ ಅಂಗಳದಲ್ಲಿರುವುದನ್ನು ಎಲ್ಲಿಗೆ ಸಾಗಿಸಬೇಕು. ಇವು ಯೋಜನೆಯ ಪ್ರಶ್ನೆಗಳು. ಕೃತಕ ಬುದ್ಧಿಮತ್ತೆಯಲ್ಲಿ ಇದಕ್ಕೆಂದೇ ಅರ್ಧ ಶತಮಾನಕ್ಕೂ ಹಳೆಯದಾದ ಒಂದು ಶಾಖೆಯಿದೆ, ಯೋಜನೆ ಹಾಕಿಕೊಡುವ, ಉಚಿತವಾಗಿ ಸಿಗುವ ಪ್ಲಾನರ್‌ಗಳೂ ಇವೆ. ಎಡವುವುದು ಮೊದಲ ಹೆಜ್ಜೆಯಲ್ಲೇ: ಯಜಮಾನರಿಗೆ ಗೊತ್ತಿರುವುದನ್ನು ಯಂತ್ರಕ್ಕೆ ಯಾವ ರೂಪದಲ್ಲಿ ಬರೆದುಕೊಡುವುದು?

ಮುಖ್ಯವಾಗಿ ಮೂರು ದಾರಿಗಳಿವೆ, ಈಚೆಗೆ ನಾಲ್ಕನೆಯದೊಂದು ಸೇರಿಕೊಂಡಿದೆ. ಪಠ್ಯಪುಸ್ತಕಗಳು ಅವನ್ನು ವೇಗದಿಂದ ಅಳೆಯುತ್ತವೆ. ಅಡಿಕೆ ಮನೆಯಷ್ಟು ಸಣ್ಣ ಸಮಸ್ಯೆಗೆ ವೇಗ ದೊಡ್ಡ ವಿಷಯವಲ್ಲ, ಮೂರು ದಾರಿಗಳೂ ಕೆಲವೇ ನಿಮಿಷಗಳಲ್ಲಿ ಉತ್ತರ ಕೊಡುತ್ತವೆ. ನನ್ನ ಅಳತೆಗೋಲು ಬೇರೆ: ನಿಮ್ಮ ನಿಯಮಗಳ ಹಿಂದಿನ ಕಾರಣಗಳಲ್ಲಿ ವರ್ಷದಿಂದ ವರ್ಷಕ್ಕೆ ಬದಲಾಗುವುದು ಯಾವುದು? ಆ ಕಾರಣವನ್ನು ಎದ್ದುಕಾಣುವಂತೆ ಬರೆಯಲು ಯಾವ ಮಾದರಿಯಲ್ಲಿ ಜಾಗವಿದೆಯೋ ಅದನ್ನೇ ಆರಿಸಿ. ಉಳಿದದ್ದೆಲ್ಲ ಆಮೇಲಿನ ಮಾತು.

ಹೋಲಿಕೆಗೆ ಒಂದೇ ಉದಾಹರಣೆ

ನಾಲ್ಕೈದು ತೋಟದವರು ಸೇರಿ ನಡೆಸುವ ಒಂದು ಸಣ್ಣ ಸಂಸ್ಕರಣಾ ಘಟಕ ಎಂದಿಟ್ಟುಕೊಳ್ಳಿ. ಹಂಡೆ ಒಂದೇ, ಸುಲಿಯುವ ಯಂತ್ರ ಒಂದೇ, ಅಂಗಳಕ್ಕೆ ಮಿತಿಯಿದೆ. ಕೆಂಪಡಿಕೆಗೆ ಬಲಿತ ಹಸಿ ಕಾಯಿ ಬೇಕು. ಸುಲಿದದ್ದನ್ನು ಹೆಚ್ಚೆಂದರೆ ಮರುದಿನ ಬೆಳಗಿನೊಳಗೆ ಬೇಯಿಸಬೇಕು. ಬೇಯಿಸಲು ಚೊಗರು, ಅಂದರೆ ಹಿಂದೆ ಅಡಿಕೆ ಬೇಯಿಸಿ ಉಳಿದ ರಸ ಬೇಕು, ಬೇಯಿಸಿದ ಮೇಲೆ ಉಳಿಯುವುದೂ ಚೊಗರೇ. ಬೆಂದದ್ದಕ್ಕೆ ಐದಾರು ಒಳ್ಳೆಯ ಬಿಸಿಲು ಬೇಕು. ಇದು ಕೊಯ್ಲಿನ ಭಾಗ. ಮಳೆಗಾಲದ ಭಾಗ ಇನ್ನೊಂದು: ಮುಂಗಾರು ಹಿಡಿಯುವ ಮೊದಲು ಕೊಳೆರೋಗಕ್ಕೆ ಮೊದಲ ಔಷಧಿ, ಸುಮಾರು 40–45 ದಿನ ಬಿಟ್ಟು ಎರಡನೆಯದು. ಶೇ 1ರ ಬೋರ್ಡೋ ದ್ರಾವಣವೆಂದರೆ 100 ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ. ಕಲಸಿದ್ದನ್ನು ಅಂದೇ ಹೊಡೆದು ಮುಗಿಸಬೇಕು, ಹೊಡೆಯಲು ಹೊಳವು, ಅಂದರೆ ಮಳೆಯ ಬಿಡುವು ಸಿಗಬೇಕು. ಆಗುಂಬೆಯ ಸೀಮೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರ್ ದಾಟುತ್ತದೆ. ಅಲ್ಲಿ ಜುಲೈ ತಿಂಗಳ ಹೊಳವೆಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಮೊದಲ ದಾರಿ: ಕ್ರಿಯೆಗಳ ಮಾದರಿ, ಅಂದರೆ ಪಿಡಿಡಿಎಲ್

ಇದರ ಬೇರು 1971ರ ಸ್ಟ್ರಿಪ್ಸ್. ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ರಿಚರ್ಡ್ ಫೈಕ್ಸ್ ಮತ್ತು ನಿಲ್ಸ್ ನಿಲ್ಸನ್ ಕಟ್ಟಿದ ಈ ಪದ್ಧತಿಯಲ್ಲಿ ಶೇಕಿ ಎಂಬ ರೋಬಾಟ್ ಕೋಣೆಯಿಂದ ಕೋಣೆಗೆ ಹೋಗುವುದನ್ನು ಲೆಕ್ಕ ಹಾಕುತ್ತಿತ್ತು. 1998ರಲ್ಲಿ ಡ್ರೂ ಮ್ಯಾಕ್‌ಡರ್ಮಟ್ ಮತ್ತು ಸಂಗಡಿಗರು ಪ್ಲಾನರ್‌ಗಳ ಸ್ಪರ್ಧೆಗಾಗಿ ಎಲ್ಲರೂ ಒಪ್ಪುವ ಒಂದು ಭಾಷೆಯನ್ನು ಸಿದ್ಧಪಡಿಸಿದರು. ಅದೇ ಪಿಡಿಡಿಎಲ್. ಪ್ರತಿ ಕ್ರಿಯೆಗೆ ಮೊದಲು ಏನು ನಿಜವಾಗಿರಬೇಕು, ಆಮೇಲೆ ಏನು ನಿಜವಾಗುತ್ತದೆ ಎಂದು ಬರೆದರೆ ಸಾಕು. ಅನುಕ್ರಮವನ್ನು ಪ್ಲಾನರ್ ತಾನೇ ಹುಡುಕುತ್ತದೆ. ಕನ್ನಡದಲ್ಲಿ ಬರೆದರೆ ಹೀಗೆ ಕಾಣುತ್ತದೆ:

ಕ್ರಿಯೆ: ಬೇಯಿಸು (ರಾಶಿ, ಹಂಡೆ)
ಮೊದಲು: ರಾಶಿ ಸುಲಿದಿದೆ, ಹಂಡೆ ಖಾಲಿಯಿದೆ, ಚೊಗರಿದೆ
ಆಮೇಲೆ: ರಾಶಿ ಬೆಂದಿದೆ; ಚೊಗರಿದೆ

ಇದರ ಸೊಗಸು ಏನೆಂದರೆ ಪ್ರತಿ ಕ್ರಿಯೆಯೂ ತನ್ನಷ್ಟಕ್ಕೆ ತಾನು ಪೂರ್ಣ. ನಾಳೆ ಡ್ರೈಯರ್ ಕೊಂಡರೆ ಇನ್ನೊಂದು ಕ್ರಿಯೆ ಸೇರಿಸಿದರಾಯಿತು, ಹಳೆಯದನ್ನು ಮುಟ್ಟಬೇಕಿಲ್ಲ. ಯಾರಿಗೂ ಹೊಳೆಯದ ಅನುಕ್ರಮವನ್ನು ಪ್ಲಾನರ್ ಹೊಳೆಯಿಸಬಹುದು. ವರ್ಷದ ಮೊದಲ ರಾಶಿಗೆ ಹಳೆಯ ಚೊಗರು ಎತ್ತಿಡಬೇಕು ಎಂಬ ಮಾತನ್ನು ನೀವು ಎಲ್ಲಿಯೂ ಹೇಳಬೇಕಿಲ್ಲ. ಆರಂಭದ ಸ್ಥಿತಿಯಲ್ಲಿ ಚೊಗರಿಲ್ಲ ಎಂದು ಕೊಟ್ಟು ನೋಡಿ, ಯೋಜನೆಯೇ ಸಾಧ್ಯವಿಲ್ಲ ಎಂದು ಅದು ಕೈಚೆಲ್ಲುತ್ತದೆ. ಮಾದರಿಯಿಂದ ಇಂಥ ಸತ್ಯ ತಾನಾಗಿ ಹೊರಬಿದ್ದಾಗ ಸಿಗುವ ಖುಷಿಯೇ ಬೇರೆ.

ಕೊರತೆ ಎಲ್ಲಿ? ಕಾಲದ ವಿಷಯದಲ್ಲಿ. 2002ರ ಸ್ಪರ್ಧೆಗಾಗಿ ಮರಿಯಾ ಫಾಕ್ಸ್ ಮತ್ತು ಡೆರೆಕ್ ಲಾಂಗ್ ರೂಪಿಸಿದ 2.1ನೇ ಆವೃತ್ತಿಯಲ್ಲಿ ಅವಧಿಯುಳ್ಳ ಕ್ರಿಯೆಗಳೂ ಸಂಖ್ಯೆಗಳೂ ಬಂದವು. 2004ರ 2.2ರಲ್ಲಿ ‘ಇಂಥ ಹೊತ್ತಿಗೆ ಇದು ನಿಜವಾಗುತ್ತದೆ’ ಎಂದು ಮೊದಲೇ ಬರೆದಿಡುವ ಅನುಕೂಲ ಬಂತು. ಬಿಸಿಲಿನ ಮುನ್ಸೂಚನೆಯನ್ನು ತುಂಬಲು ಅದು ಸಾಕು, ಆದರೆ ಮುನ್ಸೂಚನೆ ಸುಳ್ಳಾಗಬಹುದು ಎಂಬುದನ್ನು ಹೇಳಲು ಅದರಲ್ಲಿ ಜಾಗವಿಲ್ಲ. ಇನ್ನು ‘ಕಲಸಿದ ದ್ರಾವಣವನ್ನು ಅಂದೇ ಮುಗಿಸಬೇಕು’ ಎಂಬ ನಿಯಮವನ್ನು ನೋಡಿ. ತೋಟದಲ್ಲಿ ಒಂದು ಉಸಿರಿನಲ್ಲಿ ಹೇಳಿ ಮುಗಿಸುವ ಮಾತು. ಪಿಡಿಡಿಎಲ್‌ನಲ್ಲಿ ಎರಡು ಕ್ರಿಯೆಗಳ ನಡುವಿನ ಅಂತರ ಇಷ್ಟಕ್ಕಿಂತ ಹೆಚ್ಚಾಗಬಾರದು ಎಂದು ನೇರವಾಗಿ ಹೇಳಲು ಬರುವುದಿಲ್ಲ. ‘ದ್ರಾವಣ ಜೀವಂತ’ ಎಂಬ ಒಂದು ಕೃತಕ ಕ್ರಿಯೆ ಸೃಷ್ಟಿಸಿ, ಸಿಂಪಡಣೆ ಅದರ ಅವಧಿಯೊಳಗೇ ನಡೆಯಬೇಕೆಂದು ಸುತ್ತಿ ಬಳಸಿ ಹೇಳಬೇಕು. ಹೇಳಿದ್ದಾಯಿತು, ಪ್ಲಾನರಿಗೆ ಅರ್ಥವೂ ಆಯಿತು. ಎರಡು ವರ್ಷದ ಮೇಲೆ ಆ ಕಡತ ತೆರೆದವನಿಗೆ ಮಾತ್ರ ಈ ‘ಜೀವಂತ’ ಯಾವ ಸೀಮೆಯ ಕ್ರಿಯೆ ಎಂದು ತಿಳಿಯುವುದಿಲ್ಲ. ಭಾಷೆಯ ಇಕ್ಕಟ್ಟಿನಿಂದ ಹುಟ್ಟಿದ್ದನ್ನೂ ತೋಟದ ಸತ್ಯದಿಂದ ಹುಟ್ಟಿದ್ದನ್ನೂ ಒಂದೇ ಮೊಗದಲ್ಲಿ ತೋರಿಸುವುದು ಈ ಮಾದರಿಯ ದೊಡ್ಡ ದೋಷ.

ಇನ್ನೊಂದು ಕಿರಿಕಿರಿ ಇದೆ. ಬೇಡವೆಂದು ನೀವು ಹೇಳದ್ದೆಲ್ಲ ಪ್ಲಾನರಿಗೆ ಸಮ್ಮತ. ಬೆಳಗ್ಗೆ ಮೇಲಿನ ತೋಟ, ಹತ್ತಕ್ಕೆ ಹೊಳೆಯಾಚೆ, ಮಧ್ಯಾಹ್ನ ಮತ್ತೆ ಮೇಲಿನ ತೋಟ ಎಂದು ಅದು ಮರ ಹತ್ತಿ ಕೊನೆ ಇಳಿಸುವ ಕೊನೆಗಾರನನ್ನು ಓಡಾಡಿಸಬಹುದು. ಷರತ್ತು ಒಂದೂ ಮುರಿದಿಲ್ಲ, ಆದರೆ ಮರುದಿನ ಆತ ಬರುವುದಿಲ್ಲ. ಇಂಥ ಮೃದು ಇಚ್ಛೆಗಳಿಗೆಂದೇ 2006ರ 3.0ರಲ್ಲಿ ವ್ಯವಸ್ಥೆ ಬಂದಿದ್ದರೂ ಅದನ್ನು ಪೂರ್ತಿಯಾಗಿ ಬೆಂಬಲಿಸುವ ಪ್ಲಾನರ್‌ಗಳು ಕಡಿಮೆ.

ಎರಡನೆಯ ದಾರಿ: ಕೆಲಸವನ್ನು ಒಡೆಯುವ ಮಾದರಿ, ಅಂದರೆ ಎಚ್‌ಟಿಎನ್

ಇಲ್ಲಿ ದೊಡ್ಡ ಕೆಲಸವನ್ನು ಸಣ್ಣ ಕೆಲಸಗಳಾಗಿ ಒಡೆಯುವ ವಿಧಾನಗಳನ್ನು ಬರೆಯುತ್ತೇವೆ. 1970ರ ದಶಕದ ಮಧ್ಯದಲ್ಲಿ ಅರ್ಲ್ ಸಸರ್ಡೋಟಿಯ ನೋವಾ, ಅದರ ಹಿಂದೆಯೇ ಎಡಿನ್‌ಬರೋದಲ್ಲಿ ಆಸ್ಟಿನ್ ಟೇಟ್ ಬರೆದ ನಾನ್‌ಲಿನ್, 1999ರಲ್ಲಿ ಮೇರಿಲ್ಯಾಂಡಿನಲ್ಲಿ ಡಾನಾ ನೌ ತಂಡದ ಶಾಪ್, 2020ರಲ್ಲಿ ಎಚ್‌ಡಿಡಿಎಲ್ ಎಂಬ ಸಾಮಾನ್ಯ ಭಾಷೆ. ವಂಶಾವಳಿ ಇಷ್ಟು ಸಾಕು.

ಹಿರಿಯರು ಮಾತನಾಡುವುದು ಈ ರೂಪದಲ್ಲೇ. ‘ಫಸಲನ್ನು ಮಾರುಕಟ್ಟೆಗೆ ಸಿದ್ಧಪಡಿಸು’ ಎಂಬ ಕೆಲಸಕ್ಕೆ ಎರಡು ವಿಧಾನ. ಕಾಯಿ ಹಸಿಯಿದ್ದರೆ ಕೆಂಪಡಿಕೆ: ಇಳಿಸು, ಸುಲಿ, ಬೇಯಿಸು, ಒಣಗಿಸು. ಹಣ್ಣಾಗಿದ್ದರೆ ಚಾಲಿ: ಇಳಿಸು, ಸಿಪ್ಪೆಯೊಡನೆ ಒಂದೂವರೆ ತಿಂಗಳಷ್ಟು ಒಣಗಿಸು, ಆಮೇಲೆ ಸುಲಿ. ಆಳು ಸಿಗದೆ ಕೊಯ್ಲು ತಡವಾಗಿ ಕಾಯಿ ಮರದಲ್ಲೇ ಹಣ್ಣಾದರೆ ಎರಡನೆಯ ವಿಧಾನಕ್ಕೆ ಹೊರಳುವುದು ಎಲ್ಲರೂ ಬಲ್ಲ ಪಾಠ. ಎಚ್‌ಟಿಎನ್‌ನಲ್ಲಿ ಆ ಹೊರಳು ಒಂದು ಸಾಲು. ಪಿಡಿಡಿಎಲ್‌ನಲ್ಲಿ ಅದು ಹತ್ತು ಕ್ರಿಯೆಗಳ ಷರತ್ತುಗಳಲ್ಲಿ ಹಂಚಿಹೋಗುತ್ತದೆ. ಯಜಮಾನರ ಮುಂದೆ ಎಚ್‌ಟಿಎನ್ ಮಾದರಿಯನ್ನು ಓದಿ ಹೇಳಿದರೆ ಅವರು ತಿದ್ದಬಲ್ಲರು. ಈ ಒಂದೇ ಗುಣಕ್ಕಾಗಿ ನಾನು ಬೇರೆಷ್ಟೋ ಕೊರತೆಗಳನ್ನು ಸಹಿಸುತ್ತೇನೆ.

ಕೊರತೆ ಇಲ್ಲವೆಂದಲ್ಲ. ಯಾರೂ ವಿಧಾನ ಬರೆಯದ ಪರಿಸ್ಥಿತಿ ಎದುರಾದರೆ, ತೋಟದಲ್ಲಿ ಆ ಕೆಲಸ ಸಲೀಸಾಗಿ ಆಗುವಂತಿದ್ದರೂ ಪ್ಲಾನರ್ ‘ಆಗದು’ ಎನ್ನುತ್ತದೆ. ಬರೆದವನ ಮನೆಯ ಪದ್ಧತಿಯೇ ಜಗತ್ತಿನ ನಿಯಮವಾಗಿ ಕೂತುಬಿಡುತ್ತದೆ. ಕೇಳಿದರೆ ವಿವರಣೆಯನ್ನೇನೋ ಚೆನ್ನಾಗಿ ಕೊಡುತ್ತದೆ: ಈ ಹೆಜ್ಜೆ ಏಕೆ? ಕೆಂಪಡಿಕೆ ವಿಧಾನದ ಮೂರನೆಯ ಹೆಜ್ಜೆ ಆದ್ದರಿಂದ. ಸರಿ, ಆ ವಿಧಾನದಲ್ಲಿ ಅದು ಮೂರನೆಯ ಹೆಜ್ಜೆ ಏಕೆ? ಮೌನ.

ಷರತ್ತುಗಳಲ್ಲಿ ಜಾತಿಭೇದ ಬೇಕು

ಈ ಎರಡು ದಾರಿಗಳ ನಡುವೆ ನಿಂತು ನೋಡಬೇಕಾದ ಒಂದು ಹಳೆಯ ಚಿಂತನೆ ನಾನ್‌ಲಿನ್‌ನಲ್ಲಿದೆ. ಈಗಿನ ಪಾಠಗಳಲ್ಲಿ ಅದಕ್ಕೆ ಸಿಗುವ ಜಾಗ ಕಡಿಮೆ. ನನಗೆ ಮಾತ್ರ ಇಡೀ ವಿಷಯದ ತಿರುಳು ಅಲ್ಲೇ ಇದೆ ಅನಿಸುತ್ತದೆ.

ಒಣಗಿಸಲು ಮೂರು ಷರತ್ತುಗಳಿವೆ ಎನ್ನಿ: ರಾಶಿ ಬೆಂದಿರಬೇಕು, ಅಂಗಳದಲ್ಲಿ ಜಾಗವಿರಬೇಕು, ಬಿಸಿಲಿರಬೇಕು. ಪಿಡಿಡಿಎಲ್‌ನಲ್ಲಿ ಮೂರೂ ಒಂದೇ ಸಾಲಿನಲ್ಲಿ ಸಮಾನರಾಗಿ ಕೂರುತ್ತವೆ. ತೋಟದವನಿಗೆ ಅವು ಮೂರು ಬೇರೆ ಬೇರೆ ಬಗೆಯವು. ಬೆಂದಿರಬೇಕು ಎಂಬುದನ್ನು ಇದೇ ಕೆಲಸದ ಹಿಂದಿನ ಹೆಜ್ಜೆ ಪೂರೈಸುತ್ತದೆ, ಪೂರೈಸಲೇಬೇಕು. ಜಾಗ ಖಾಲಿಯಾಗುವುದು ಇನ್ನಾರದೋ ರಾಶಿ ಎದ್ದಾಗ. ಅದಕ್ಕಾಗಿ ನಾವು ಕಾಯಬಹುದು, ನಾವೇ ಹೋಗಿ ಇನ್ನೊಬ್ಬರ ಅಡಿಕೆ ಬಾಚುವಂತಿಲ್ಲ. ಬಿಸಿಲನ್ನು ತರಲು ಯಾರಿಂದಲೂ ಆಗದು. ಇದ್ದರೆ ಹರವು, ಇಲ್ಲದಿದ್ದರೆ ಆ ದಾರಿಯನ್ನೇ ಬಿಡು. ಟೇಟ್ ತಮ್ಮ ಭಾಷೆಯಲ್ಲಿ ಷರತ್ತುಗಳಿಗೆ ಹೀಗೆ ಬಗೆಗಳನ್ನು ಕೊಟ್ಟಿದ್ದರು: ಈ ಕೆಲಸದೊಳಗೇ ಪೂರೈಸಬೇಕಾದದ್ದು, ಬೇರೆಯವರು ಪೂರೈಸುವುದು, ಹೊಸ ಕ್ರಿಯೆ ಸೇರಿಸಿಯಾದರೂ ಸಾಧಿಸಬಹುದಾದದ್ದು, ಇದ್ದರೆ ಮಾತ್ರ ಮುಂದುವರಿಯಬೇಕಾದದ್ದು. ಹುಡುಕಾಟ ಕಡಿಮೆಯಾಗುವುದು ಇದರ ಒಂದು ಲಾಭ. ನನಗೆ ಅದಕ್ಕಿಂತ ಹೆಚ್ಚೆನಿಸುವುದು, ಷರತ್ತನ್ನು ಬರೆಯುವಾಗಲೇ ಅದು ಯಾರ ಹೊಣೆ ಎಂಬ ಕಾರಣವೂ ಜೊತೆಗೇ ದಾಖಲಾಗುತ್ತದೆ ಎಂಬುದು.

ನೀವು ಯಾವ ಮಾದರಿ ಆರಿಸಿದರೂ ಷರತ್ತುಗಳಿಗೆ ಈ ನಾಲ್ಕು ಗುರುತುಗಳನ್ನು ಟಿಪ್ಪಣಿಯಲ್ಲಾದರೂ ಹಾಕಿ. ಮುಂದೆ ಡ್ರೈಯರ್ ಬಂದ ದಿನ ‘ಬಿಸಿಲು’ ಎಂಬ ಷರತ್ತು ನಾಲ್ಕನೆಯ ಬಗೆಯಿಂದ ಮೂರನೆಯ ಬಗೆಗೆ ಜಿಗಿಯುತ್ತದೆ. ಬದಲಾದದ್ದು ಏನೆಂದು ಆಗ ಬೆರಳಿಟ್ಟು ತೋರಿಸಬಹುದು.

ಮೂರನೆಯ ದಾರಿ: ಕಾಲರೇಖೆಗಳು ಮತ್ತು ನಿರ್ಬಂಧಗಳು

ಹಂಡೆಗೊಂದು ಗೆರೆ, ಯಂತ್ರಕ್ಕೊಂದು ಗೆರೆ, ಅಂಗಳಕ್ಕೊಂದು ಗೆರೆ ಎಳೆದು ಅವುಗಳ ಮೇಲೆ ಕೆಲಸಗಳನ್ನು ಕೂರಿಸುವ ಪದ್ಧತಿ ಇದು. ಬಾಹ್ಯಾಕಾಶದವರಿಗೆ ಬಹಳ ಇಷ್ಟ. 1999ರ ಮೇ ತಿಂಗಳಲ್ಲಿ ನಾಸಾದ ಡೀಪ್ ಸ್ಪೇಸ್ 1 ನೌಕೆಯನ್ನು ಕೆಲವು ದಿನ ನಡೆಸಿದ ರಿಮೋಟ್ ಏಜೆಂಟ್‌ನ ಪ್ಲಾನರ್ ಈ ಬಗೆಯದು. 2004ರಲ್ಲಿ ಮಂಗಳದಲ್ಲಿ ಇಳಿದ ಸ್ಪಿರಿಟ್ ಮತ್ತು ಆಪರ್ಚುನಿಟಿ ರೋವರ್‌ಗಳ ದಿನಚರಿ ರೂಪಿಸಲು ಭೂಮಿಯ ಮೇಲಿನ ತಂಡ ಬಳಸಿದ ಮ್ಯಾಪ್‌ಜೆನ್ ಕೂಡ ಇದೇ ಕುಲದ್ದು. ಅಲ್ಲಿ ಯಂತ್ರ ಹಾಕಿದ ಯೋಜನೆಯನ್ನು ಮನುಷ್ಯರು ಕೈಯಿಂದ ಎಳೆದಾಡಿ ತಿದ್ದುತ್ತಿದ್ದರು; ನಿರ್ಬಂಧ ಮುರಿಯದಂತೆ ಯಂತ್ರ ಕಾವಲಿರುತ್ತಿತ್ತು. ನಮ್ಮ ಯಜಮಾನರಿಗೂ ಬೇಕಾದದ್ದು ಇಂಥ ಸಹಾಯಕನೇ ಹೊರತು ಆಜ್ಞೆ ಮಾಡುವ ಯಂತ್ರವಲ್ಲ.

ನಾಸಾದ ಸಲಕರಣೆಗಳನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಗೂಗಲ್‌ನ ಓಆರ್‌-ಟೂಲ್ಸ್‌ನಲ್ಲಿರುವ ಸಿಪಿ-ಸ್ಯಾಟ್ ಸಾಲ್ವರ್, ಅಂದರೆ ನಿರ್ಬಂಧಗಳಿಗೆ ಹೊಂದುವ ಉತ್ತರ ಹುಡುಕುವ ತಂತ್ರಾಂಶ, ಉಚಿತ, ಪೈಥಾನ್ ಬಂದರೆ ಸಾಕು. ‘ಸುಲಿದದ್ದು ಮರುದಿನ ಬೆಳಗಿನೊಳಗೆ ಹಂಡೆಗೆ’, ‘ಎರಡನೆಯ ಔಷಧಿ 40 ದಿನದ ಮೇಲೆ, 45ರ ಒಳಗೆ’, ‘ಅಂಗಳದಲ್ಲಿ ಒಮ್ಮೆಗೆ ಇಷ್ಟೇ ಚೀಲ’ ಇವೆಲ್ಲ ಒಂದೊಂದು ಸಾಲು. ಪಿಡಿಡಿಎಲ್ ಏದುಸಿರು ಬಿಟ್ಟ ಜಾಗದಲ್ಲಿ ಇದು ನಿರಾಯಾಸವಾಗಿ ನಡೆಯುತ್ತದೆ. ಆದರೆ ಯಾವ ಕೆಲಸಗಳು ಇರಬೇಕು ಎಂಬುದನ್ನು ನೀವೇ ಮೊದಲು ಪಟ್ಟಿ ಮಾಡಿ ಕೊಡಬೇಕು. ಕೆಂಪಡಿಕೆಯೋ ಚಾಲಿಯೋ ಎಂಬ ಆಯ್ಕೆಯನ್ನು ತುಂಬಲು ಬರುತ್ತದೆ, ಆದರೆ ಅಂಥವು ನಾಲ್ಕಾರು ಸೇರಿದರೆ ಕಡತ ಗೋಜಲಾಗುತ್ತದೆ.

ಕಾರಣಗಳ ದೃಷ್ಟಿಯಿಂದ ಇದು ಮೂರರಲ್ಲಿ ಅತ್ಯಂತ ಮೂಕ. ‘40’ ಎಂಬ ಅಂಕಿ ಕಡತದಲ್ಲಿದೆ. ಅದು ತಾಮ್ರದ ಲೇಪ ಮಳೆಗೆ ತೊಳೆದು ಹೋಗುವ ಲೆಕ್ಕವೋ, ಆಳುಗಳು ಸಿಗುವ ಲೆಕ್ಕವೋ ಅಂಕಿಗೆ ಗೊತ್ತಿಲ್ಲ. ಯೋಜನೆ ಸಾಧ್ಯವಿಲ್ಲವೆಂದಾದರೆ ಸಾಲ್ವರ್ ‘ಅಸಾಧ್ಯ’ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಇದಕ್ಕೊಂದು ಉಪಾಯವಿದೆ. ಪ್ರತಿ ನಿಯಮಕ್ಕೂ ಹೌದು-ಅಲ್ಲ ಎಂಬ ಒಂದು ಚಲಕವನ್ನು ಕಟ್ಟಿ, ಅವುಗಳನ್ನು ಊಹೆಗಳೆಂದು ಸಾಲ್ವರಿಗೆ ಕೊಡಿ. ಆಗ ಯಾವ ಊಹೆಗಳು ಒಟ್ಟಿಗೆ ನಿಲ್ಲಲಾರವು ಎಂಬ ಪಟ್ಟಿಯನ್ನು ಅದು ಕೊಡುತ್ತದೆ. ಪಟ್ಟಿ ಅತ್ಯಂತ ಚಿಕ್ಕದೇ ಆಗಿರಬೇಕೆಂದಿಲ್ಲ, ಆದರೂ ‘ಒಂದೇ ಹಂಡೆ’, ‘ಮರುದಿನದೊಳಗೆ’, ‘ಮೂರು ತೋಟ ಒಂದೇ ದಿನ’ ಈ ಮೂರು ಜಗಳವಾಡುತ್ತಿವೆ ಎಂದು ತಿಳಿದರೆ ಯಜಮಾನರೇ ಒಂದನ್ನು ಸಡಿಲಿಸುತ್ತಾರೆ. ಸಿಪಿ-ಸ್ಯಾಟ್ ಆರಿಸಿದವರು ಇದನ್ನು ಮೊದಲ ದಿನವೇ ಮಾಡಿಡಿ.

ಲಿಂಗನಮಕ್ಕಿ ಅಣೆಕಟ್ಟಿನಿಂದ ನೀರು ಬಿಡುವಂಥ, ಮಟ್ಟ ಕ್ಷಣಕ್ಷಣಕ್ಕೂ ಬದಲಾಗುವ ಸಮಸ್ಯೆ ನಿಮ್ಮದಾದರೆ ಈ ಮಾರ್ಗದರ್ಶಿ ನಿಮಗಲ್ಲ. ಅದಕ್ಕೆ ಪಿಡಿಡಿಎಲ್ ಪ್ಲಸ್ ಅಥವಾ ಗಣಿತೀಯ ಆಪ್ಟಿಮೈಸೇಶನ್ ಕಡೆಗೆ ಹೋಗಿ.

ನಾಲ್ಕನೆಯದು: ಚಾಟ್‌ಬಾಟನ್ನೇ ಕೇಳಿಬಿಡೋಣ

ಇದನ್ನೂ ಹೋಲಿಕೆಗೆ ಸೇರಿಸಲೇಬೇಕಾದ ಕಾಲ. ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಸುಬ್ಬರಾವ್ ಕಂಭಂಪಾಟಿಯವರ ತಂಡ 2023ರ ಸುಮಾರಿಗೆ ಜಿಪಿಟಿ-4ಕ್ಕೆ ಇಟ್ಟಿಗೆ ಜೋಡಿಸುವ ಸರಳ ಯೋಜನಾ ಸಮಸ್ಯೆಗಳನ್ನು ಕೊಟ್ಟಿತು. ಸರಿಯಾದದ್ದು ಮೂರರಲ್ಲಿ ಒಂದರಷ್ಟು. ಅವೇ ಸಮಸ್ಯೆಗಳಲ್ಲಿ ಹೆಸರುಗಳನ್ನು ಮಾತ್ರ ಬದಲಿಸಿ ಕೊಟ್ಟಾಗ ಅದೂ ಕುಸಿಯಿತು. ಆಮೇಲೆ ಹೊಸ ಮಾದರಿಗಳು ಸುಧಾರಿಸಿವೆ, ನಿಜ. ಯಜಮಾನರ ಮಾತನ್ನು ಪಿಡಿಡಿಎಲ್‌ನ ಮೊದಲ ಕರಡಾಗಿಸಲು ಅವು ಒಳ್ಳೆಯ ಗುಮಾಸ್ತರು. ನನ್ನ ತಕರಾರು ಕಾರಣಗಳ ಬಗ್ಗೆ. ‘ಏಕೆ’ ಎಂದು ಕೇಳಿದರೆ ಚಾಟ್‌ಬಾಟ್ ಅಂದವಾದ ಕಾರಣವನ್ನು ಹೊಸೆದು ಕೊಡುತ್ತದೆ. ಯೋಜನೆ ಆ ಕಾರಣದಿಂದಲೇ ಹುಟ್ಟಿತೆಂಬುದಕ್ಕೆ ಯಾವ ಆಧಾರವೂ ಇರುವುದಿಲ್ಲ. ಕಾರಣವೇ ಇಲ್ಲದ ನಿಯಮಕ್ಕಿಂತ ಹುಸಿ ಕಾರಣ ಅಂಟಿಸಿಕೊಂಡ ನಿಯಮ ಹೆಚ್ಚು ಅಪಾಯಕಾರಿ, ಏಕೆಂದರೆ ಅದನ್ನು ಯಾರೂ ಮತ್ತೆ ಪ್ರಶ್ನಿಸುವುದಿಲ್ಲ.

ಇನ್ನು ಕಾರಣವನ್ನು ಎಲ್ಲಿ ಬರೆಯುವುದು

ಮಾದರಿ ಆರಿಸಿದರೆ ಅರ್ಧ ಕೆಲಸವಷ್ಟೇ ಮುಗಿಯಿತು. 1998ರಲ್ಲಿ ಸ್ಟೀಫನ್ ಪೋಲಿಯಾಕ್ ಮತ್ತು ಆಸ್ಟಿನ್ ಟೇಟ್ ಯೋಜನೆಗಳ ಹಿಂದಿನ ಕಾರಣಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು: ಕಾರ್ಯಕಾರಣ ಸಂಬಂಧ, ಅವಲಂಬನೆ, ತೀರ್ಮಾನ. ಯಾವ ಹೆಜ್ಜೆ ಯಾವ ಹೆಜ್ಜೆಗಾಗಿ ಎಂಬ ಮೊದಲ ಬಗೆಯನ್ನು ಪ್ಲಾನರೇ ಬರೆದಿಡಬಲ್ಲದು. ನಾನ್‌ಲಿನ್ ಆ ಕಾಲದಲ್ಲೇ ಅದಕ್ಕೊಂದು ಪಟ್ಟಿ ಇಟ್ಟುಕೊಂಡಿತ್ತು. ಏನು ಬದಲಾದರೆ ಯೋಜನೆಯ ಯಾವ ಭಾಗವನ್ನು ಮತ್ತೆ ನೋಡಬೇಕು ಎಂಬ ಎರಡನೆಯದನ್ನು ಸ್ವಲ್ಪ ಶ್ರಮದಿಂದ ಯಂತ್ರದಿಂದಲೇ ತೆಗೆಯಬಹುದು. ಮೂರನೆಯದು, ಅಂದರೆ ಯಾವ ಆಯ್ಕೆಗಳನ್ನು ತೂಗಿ ಯಾವುದನ್ನು ಬಿಟ್ಟೆವು ಎಂಬುದು, ಮನುಷ್ಯ ಬರೆಯದೆ ಎಲ್ಲಿಂದಲೂ ಬರುವುದಿಲ್ಲ.

ಬರೆಯಲು ರೂಪಗಳು ಹಲವು. 1970ರಲ್ಲಿ ವರ್ನರ್ ಕುನ್ಜ್ ಮತ್ತು ಹೋರ್ಸ್ಟ್ ರಿಟ್ಟೆಲ್ ಕೊಟ್ಟ ಐಬಿಸ್ ಪದ್ಧತಿಯಲ್ಲಿ ಪ್ರಶ್ನೆ, ಅದಕ್ಕೆ ನಿಲುವುಗಳು, ನಿಲುವಿಗೆ ಪರ-ವಿರೋಧ ವಾದಗಳು. ಸದಸ್ಯರೆಲ್ಲ ಸೇರಿ ವಾದಿಸುವ ಸಭೆಯಲ್ಲಿ ಕರಿಹಲಗೆಯ ಮೇಲೆ ಇದನ್ನು ಬರೆಯುತ್ತಾ ಹೋದರೆ ಕೂಗಾಟ ಕಡಿಮೆಯಾಗುತ್ತದೆ. ಆದರೆ ತೀರ್ಮಾನ ಏನಾಯಿತೆಂದು ಆಮೇಲೆ ಹುಡುಕಲು ಕಷ್ಟ. 1991ರ ಕ್ಯೂಓಸಿಯಲ್ಲಿ ಪ್ರಶ್ನೆ, ಆಯ್ಕೆಗಳು, ಅಳೆಯುವ ಮಾನದಂಡಗಳು; ಡ್ರೈಯರ್ ಕೊಳ್ಳಬೇಕೇ ಎಂಬಂಥ ಒಂದು ದೊಡ್ಡ ಖರೀದಿಗೆ ಚೆನ್ನ, ದಿನನಿತ್ಯದ ನಿಯಮಗಳಿಗೆ ಭಾರ. 2011ರಲ್ಲಿ ಮೈಕಲ್ ನೈಗಾರ್ಡ್ ಸಾಫ್ಟ್‌ವೇರಿನವರಿಗಾಗಿ ಸೂಚಿಸಿದ ತೀರ್ಮಾನದ ದಾಖಲೆ ಇವೆಲ್ಲಕ್ಕಿಂತ ಸರಳ: ಸಂದರ್ಭ, ತೀರ್ಮಾನ, ಪರಿಣಾಮ, ಒಂದೆರಡು ಪುಟ, ಕೋಡ್ ಇರುವ ಕಡೆಯೇ ಇಡುವುದು. ನನ್ನ ಮತ ಇದಕ್ಕೇ, ಒಂದು ತಿದ್ದುಪಡಿಯೊಡನೆ: ‘ಏನಾದರೆ ಇದನ್ನು ಮತ್ತೆ ತೆರೆಯಬೇಕು’ ಎಂಬ ಸಾಲು ಕಡ್ಡಾಯ.

ಆ ಸಾಲಿನ ಬೆಲೆ ತಿಳಿಯಲು ದೋಟಿಯ, ಅಂದರೆ ಕೊನೆಗೆ ತಲಪುವ ಉದ್ದ ಕೋಲಿನ ಪ್ರಸಂಗ ನೋಡಿ. ಹಳೆಯ ಮಾದರಿಗಳಲ್ಲಿ ಕೊಯ್ಲಿಗೂ ಔಷಧಿ ಹೊಡೆಯುವುದಕ್ಕೂ ‘ಕೊನೆಗಾರ ಬೇಕು’ ಎಂಬ ಒಂದೇ ಷರತ್ತು. ಈಗ ಕಾರ್ಬನ್ ಫೈಬರ್ ದೋಟಿ ಬಂದಿದೆ, ನೆಲದ ಮೇಲೆ ನಿಂತೇ ಎರಡೂ ಕೆಲಸ ಮಾಡುತ್ತಾರೆ. ಹಾಗಾದರೆ ಷರತ್ತನ್ನು ಅಳಿಸಿಬಿಡೋಣವೇ? ಕಾರಣ ಬರೆದಿಡದ ಕಡತದಲ್ಲಿ ಇದಕ್ಕೆ ಉತ್ತರವಿಲ್ಲ. ಬರೆದಿಟ್ಟಿದ್ದರೆ ಟಿಪ್ಪಣಿ ಸುಮಾರಾಗಿ ಹೀಗಿರುತ್ತಿತ್ತು:

ನಿಯಮ: ಕೊಯ್ಲಿಗೆ ಕೊನೆಗಾರ ಬೇಕು.
ಏಕೆ: ಮರ ಹತ್ತಬೇಕು, ಯಾವ ಕೊನೆ ಹದಕ್ಕೆ ಬಂದಿದೆ ಎಂದು ನೋಡಿ ತಿಳಿಯಬೇಕು.
ಬಿಟ್ಟ ಆಯ್ಕೆ: ಎಲ್ಲ ಕೊನೆಗಳನ್ನೂ ಒಮ್ಮೆಗೇ ಇಳಿಸುವುದು. ಎಳೆಯದೂ ಬಲಿತದ್ದೂ ಬೆರೆತು ದರ ಬೀಳುತ್ತದೆ.
ಮತ್ತೆ ತೆರೆಯುವುದು: ಹತ್ತದೆ ಇಳಿಸುವ ಸಾಧನ ಬಂದಾಗ.

ನಿಯಮ: ಔಷಧಿಗೆ ಕೊನೆಗಾರ ಬೇಕು.
ಏಕೆ: ಮರ ಹತ್ತಬೇಕು.
ಮತ್ತೆ ತೆರೆಯುವುದು: ಮೇಲಿನಂತೆ.

ಈಗ ಉತ್ತರ ತಾನಾಗಿ ಬರುತ್ತದೆ. ಔಷಧಿಯ ಷರತ್ತನ್ನು ‘ದೋಟಿ ಹಿಡಿಯಬಲ್ಲವರು’ ಎಂದು ಸಡಿಲಿಸಬಹುದು. ಕೊಯ್ಲಿನ ಷರತ್ತಿನಲ್ಲಿ ಅರ್ಧ ಮಾತ್ರ ಬಿದ್ದುಹೋಯಿತು. ಹದ ಬಲ್ಲ ಕಣ್ಣು ಇನ್ನೂ ಬೇಕು, ಅದೂ ಈಗ ಕೆಳಗಿನಿಂದಲೇ ನೋಡಿ ಹೇಳುವ ಕಣ್ಣು. ‘ಕೊನೆಗಾರ’ ಎಂಬ ಒಂದು ಗುಣವನ್ನು ‘ಎತ್ತರ ಮುಟ್ಟಬಲ್ಲವನು’, ‘ಹದ ಬಲ್ಲವನು’ ಎಂದು ಎರಡಾಗಿ ಒಡೆಯಬೇಕಿತ್ತು ಎಂಬುದು ಕಾರಣ ಬರೆಯುವಾಗಲೇ ಗೋಚರಿಸುತ್ತದೆ. ಕಾರಣದಲ್ಲಿ ಎರಡು ಭಾಗ ಬಂದರೆ ಮಾದರಿಯಲ್ಲೂ ಎರಡು ಗುಣಗಳಿರಬೇಕೇನೋ ಎಂದು ಅನುಮಾನಿಸಿ. ನಾನು ಕಂಡಂತೆ ಬಹುಪಾಲು ಸಲ ಅದು ನಿಜವಾಗುತ್ತದೆ.

ಹಾಗಾದರೆ ಯಾರಿಗೆ ಯಾವುದು

ನಿಮ್ಮಲ್ಲಿ ಬದಲಾಗುವುದು ಸಲಕರಣೆಯಾದರೆ, ಅಂದರೆ ವರ್ಷಕ್ಕೊಂದು ಹೊಸ ಯಂತ್ರ, ಹೊಸ ಸಾಧನ ಬರುತ್ತಿದ್ದರೆ, ಪಿಡಿಡಿಎಲ್. ಯಂತ್ರದ ಗುಣ ಕ್ರಿಯೆಯಲ್ಲೇ ಅಡಗಿರುವುದರಿಂದ ತಿದ್ದುವುದು ಸುಲಭ. ಕಾಲದ ಷರತ್ತುಗಳು ಹೆಚ್ಚಿಲ್ಲದ ಕೆಲಸಕ್ಕೆ ಫಾಸ್ಟ್ ಡೌನ್‌ವರ್ಡ್ ಎಂಬ ಪ್ಲಾನರ್ ಸಾಕು. ಅವಧಿಗಳು ಬೇಕಾದರೆ ಆಪ್ಟಿಕ್ ನೋಡಿ.

ಬದಲಾಗುವುದು ಪದ್ಧತಿಯಾದರೆ ಎಚ್‌ಟಿಎನ್. ಒಬ್ಬೊಬ್ಬ ಸದಸ್ಯರದ್ದು ಒಂದೊಂದು ಕ್ರಮ, ಒಬ್ಬರಿಗೆ ಕೆಂಪಡಿಕೆ, ಇನ್ನೊಬ್ಬರಿಗೆ ಚಾಲಿ, ಮತ್ತೊಬ್ಬರು ಫಸಲನ್ನು ಚೇಣಿಗೆ (ಗುತ್ತಿಗೆಗೆ) ಕೊಟ್ಟುಬಿಡುತ್ತಾರೆ ಎಂಬಂತಿದ್ದರೆ ಬೇರೆ ಯೋಚನೆಯೇ ಬೇಡ. ಪೈಥಾನಿನಲ್ಲಿ ಪೈಹಾಪ್ ಎಂಬ ಪುಟ್ಟ ಪ್ಲಾನರ್ ಇದೆ, ಒಂದು ಸಂಜೆ ಕೂತರೆ ಓದಿ ಮುಗಿಸಬಹುದಾದಷ್ಟು ಚಿಕ್ಕದು. ಕಲಿಯಲು ಅದು, ಗಂಭೀರ ಕೆಲಸಕ್ಕೆ ಪಾಂಡಾ.

ಬದಲಾಗುವುದು ಅಂಕಿಗಳು ಮಾತ್ರ, ಕೆಲಸಗಳ ಪಟ್ಟಿ ಪ್ರತಿವರ್ಷ ಅದೇ ಎಂದಾದರೆ ಸಿಪಿ-ಸ್ಯಾಟ್. ಬರಿಯ ಔಷಧಿಯ ವೇಳಾಪಟ್ಟಿಗೆ ಇದಕ್ಕಿಂತ ಹೆಚ್ಚಿನದನ್ನು ಹುಡುಕುವುದು ದಂಡ. ಒಂದೇ ಘಟಕದಲ್ಲಿ ಎರಡು ಬಗೆಯ ಬದಲಾವಣೆಯೂ ಇದ್ದರೆ ಮೇಲೆ ಎಚ್‌ಟಿಎನ್, ಅದು ಹೊರಡಿಸಿದ ಕೆಲಸಗಳಿಗೆ ಹೊತ್ತು ಹಚ್ಚಲು ಕೆಳಗೆ ಸಿಪಿ-ಸ್ಯಾಟ್ ಎಂದು ಜೋಡಿಸುವುದುಂಟು. ಮೇಲೆ ಹೇಳಿದ ನಾಲ್ಕೈದು ತೋಟದ ಘಟಕಕ್ಕೆ ನಾನು ಆರಿಸುವುದು ಈ ಜೋಡಿಯನ್ನೇ. ಇನ್ನೂ ತೀರ್ಮಾನಿಸಲಾಗದವರು ಯೂರೋಪಿನ ಎಐಪ್ಲಾನ್4ಇಯು ಯೋಜನೆಯಿಂದ ಬಂದ ಯುನಿಫೈಡ್ ಪ್ಲಾನಿಂಗ್ ಲೈಬ್ರರಿಯಲ್ಲಿ ಶುರುಮಾಡಬಹುದು. ಮಾದರಿಯನ್ನು ಪೈಥಾನಿನಲ್ಲಿ ಒಮ್ಮೆ ಬರೆದು ಹಲವು ಪ್ಲಾನರ್‌ಗಳಿಗೆ ಕೊಟ್ಟು ನೋಡಬಹುದು.

ಕೈಗೆ ಬೇಕಾಗುವ ಒಂದೆರಡು ವಿವರ ಉಳಿದಿವೆ. ಪಿಡಿಡಿಎಲ್‌ನಲ್ಲಿ ಕ್ರಿಯೆಗಳ, ವಸ್ತುಗಳ ಹೆಸರನ್ನು ರೋಮನ್ ಅಕ್ಷರಗಳಲ್ಲೇ ಇಡಿ, ಕನ್ನಡ ಕಂಡರೆ ಹಲವು ಪ್ಲಾನರ್‌ಗಳು ಮುಗ್ಗರಿಸುತ್ತವೆ. ಅರ್ಧವಿರಾಮ ಚಿಹ್ನೆಯ ನಂತರ ಬರುವುದೆಲ್ಲ ಟಿಪ್ಪಣಿ, ಕಾರಣಗಳನ್ನು ಅಲ್ಲಿ ಕನ್ನಡದಲ್ಲಿ ಬರೆಯಿರಿ. ಆದರೂ ನಿಮ್ಮ ಪ್ಲಾನರ್ ಅದನ್ನು ಸಹಿಸುತ್ತದೆಯೇ ಎಂದು ಒಂದು ಸಾಲು ಹಾಕಿ ಪರೀಕ್ಷಿಸಿಕೊಳ್ಳಿ. ಪೈಥಾನ್ 3ರಲ್ಲಿ ಚಲಕಗಳ ಹೆಸರೇ ಕನ್ನಡದಲ್ಲಿರಬಹುದು, ಹಂಡೆಯನ್ನು ಹಂಡೆ ಎಂದೇ ಕರೆಯಬಹುದು. ಯೋಜನೆ ಕೈಗೆ ಬಂದ ಮೇಲೆ ವ್ಯಾಲ್ ಎಂಬ ಪರೀಕ್ಷಕದಲ್ಲಿ ಹಾಕಿ ನೋಡಿ, ಪಿಡಿಡಿಎಲ್ ಯೋಜನೆ ಮಾದರಿಗೆ ನಿಷ್ಠವಾಗಿದೆಯೇ ಎಂದು ಅದು ಹೇಳುತ್ತದೆ. ಮಾದರಿ ತೋಟಕ್ಕೆ ನಿಷ್ಠವಾಗಿದೆಯೇ ಎಂಬುದನ್ನು ಯಜಮಾನರನ್ನೇ ಕೇಳಬೇಕು. ಅವರು ಬಿಡುವಾಗಿ ಸಿಗುವುದು ಕೊಯ್ಲು ಮುಗಿದ ಮೇಲೆ, ಮಳೆ ಹಿಡಿಯುವ ಮೊದಲು.